ಗಾರ್ಡನ್ ಗುತ್ತಿಗೆಯೊಳಗೆ ಜೀತ ನುಸುಳದಂತೆ ನೋಡಿಕೊಳ್ಳುವುದು ಹೇಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಗಾರ್ಡನ್ ಕೆಲಸ ಎಂದರೆ ಕಾರ್ಖಾನೆಗಳ ಸುತ್ತಲಿನ ಹಸಿರು ಪಟ್ಟಿ, ಟೌನ್‌ಶಿಪ್ ಪಾರ್ಕು, ಸಾಣಾಪುರ–ಆನೆಗೊಂದಿ ಕಡೆಯ ರೆಸಾರ್ಟುಗಳ ಲಾನು, ಹೆದ್ದಾರಿ ಡಿವೈಡರಿನ ಗಿಡ, ಹೊಸ ಲೇಔಟುಗಳ ರಸ್ತೆಬದಿಯ ಸಸಿ. ಜೀತ ಎಂದಕೂಡಲೇ ಊರ ಸಾಹುಕಾರನ ಹೊಲ, ಇಟ್ಟಿಗೆ ಭಟ್ಟಿ, ಕಲ್ಲು ಕ್ವಾರಿ ಕಣ್ಣಮುಂದೆ ಬರುತ್ತವೆಯೇ ಹೊರತು ಲಾನು ಬರುವುದಿಲ್ಲ. ಇಲ್ಲಿ ಯಾರೂ ಹುಡುಕುವುದಿಲ್ಲವಾದ್ದರಿಂದಲೇ ಅದು ವರ್ಷಗಟ್ಟಲೆ ಕಾಣದೆ ಉಳಿಯುತ್ತದೆ. ಗುತ್ತಿಗೆದಾರರು, ನರ್ಸರಿ ಮಾಲೀಕರು, ಸೈಟ್ ಸೂಪರ್‌ವೈಸರ್‌ಗಳು, ಗಾರ್ಡನ್ ಕೆಲಸವನ್ನು ಹೊರಗುತ್ತಿಗೆಗೆ ಕೊಡುವ ಕಂಪನಿಯವರು ಏನೇನು ಮಾಡಬೇಕು ಎಂಬುದನ್ನು ಮುಂದೆ ಹೇಳಿದೆ.

ಮೊದಲು ಕಾನೂನಿನ ಅಳತೆಗೋಲು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಗೆ ಸರಪಳಿ, ಬೀಗ, ಹೊಡೆತ ಯಾವುದೂ ಬೇಕಿಲ್ಲ. ಆಳು ಅಥವಾ ಅವರ ಮನೆಯವರು ಮುಂಗಡ ಪಡೆದಿದ್ದು, ಅದರ ಬದಲಿಗೆ ಕೂಲಿಯಿಲ್ಲದೆ ಅಥವಾ ಅತ್ಯಲ್ಪ ಕೂಲಿಗೆ ದುಡಿಯಬೇಕಾಗಿದ್ದರೆ, ಇಲ್ಲವೇ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲದಿದ್ದರೆ, ಇಲ್ಲವೇ ಬೇಕೆಂದಾಗ ಊರಿಗೆ ಹೋಗುವಂತಿಲ್ಲದಿದ್ದರೆ, ಇವುಗಳಲ್ಲಿ ಒಂದಿದ್ದರೂ ಅದು ಜೀತ. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದದ್ದನ್ನೇ ಕಾಯ್ದೆ ಅತ್ಯಲ್ಪ ಕೂಲಿ ಎನ್ನುತ್ತದೆ. 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮುಂಗಡವಿರಲಿ ಇಲ್ಲದಿರಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ. ವಿವಾದ ಎದ್ದಾಗ ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಭಾರ ಸಾಲ ಕೊಟ್ಟವನ ತಲೆಯ ಮೇಲೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಹಲವು ಕಾಯ್ದೆಗಳು ಹೋದವು. ಜೀತ ಕಾಯ್ದೆ ಮಾತ್ರ ಹಾಗೇ ಉಳಿದಿದೆ.

ಗಾರ್ಡನ್ ಧಂದೆಯಲ್ಲಿ ಜೀತ ಹುಟ್ಟುವ ಜಾಗ ಎರಡು: ನೀವು ಹಾಕುವ ಕೊಟೇಶನ್, ಆಳುಗಳನ್ನು ಕರೆತರುವ ಮೇಸ್ತ್ರಿ ಬರೆಯುವ ಲೆಕ್ಕದ ಪುಸ್ತಕ. ಉಳಿದದ್ದೆಲ್ಲ ಇವೆರಡರ ಬೆನ್ನು ಹತ್ತಿ ಬರುತ್ತದೆ.

ಕೊಟೇಶನ್‌ನಲ್ಲೇ ಕೂಲಿ ಕಾಯಿರಿ

ಟೆಂಡರ್ ಗೆಲ್ಲಲೆಂದು ಆಳಿನ ದರ ಇಳಿಸಿದವರು ಆಮೇಲೆ ಆ ನಷ್ಟವನ್ನು ಎಲ್ಲಿಂದ ತುಂಬಿಸುತ್ತಾರೆ? ಗೊಬ್ಬರದ ದರ ಕಡಿಮೆಯಾಗದು, ಡೀಸೆಲ್ ಕಡಿಮೆಯಾಗದು. ಬಗ್ಗುವುದು ಕೂಲಿ ಒಂದೇ. ಆದ್ದರಿಂದ ದರ ಹಾಕುವ ಮುಂಚೆ ಒಂದು ಆಳುದಿನದ ನಿಜವಾದ ಖರ್ಚು ಬರೆದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ದಿನಗೂಲಿ 550 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಕೆಲಸಕ್ಕೆ ಅನ್ವಯಿಸುವ ದರವನ್ನು ಕಾರ್ಮಿಕ ಇಲಾಖೆಯ ಚಾಲ್ತಿ ಅಧಿಸೂಚನೆಯಲ್ಲಿ ನೋಡಿ ಹಾಕಿ; ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ.

ದಿನಗೂಲಿ 550.00. ಭವಿಷ್ಯನಿಧಿಗೆ ಮಾಲೀಕರ ಪಾಲು, ಆಡಳಿತ ಶುಲ್ಕ, ವಿಮೆ ಸೇರಿ ಶೇ. 13, ಅಂದರೆ 71.50. ಇ.ಎಸ್‌.ಐ. (ನೌಕರರ ರಾಜ್ಯ ವಿಮೆ) ಶೇ. 3.25, 17.88. ಬೋನಸ್ ಶೇ. 8.33, 45.82. ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನ ಸಂಬಳದ ರಜೆ ಎಂದರೆ ಶೇ. 5, 27.50. ಗ್ರ್ಯಾಚುಟಿಗೆ ಶೇ. 4.81, 26.46. ಒಟ್ಟು ಸುಮಾರು 739 ರೂಪಾಯಿ. ಇದರಲ್ಲಿ ಇನ್ನೂ ಗಾಡಿ ಬಾಡಿಗೆ, ಸಲಿಕೆ–ಗುದ್ದಲಿ, ಕೈಗವಸು, ಬೂಟು, ನಿಮ್ಮ ಲಾಭ ಸೇರಿಲ್ಲ. ಆಳಿಗೆ 550 ಕೊಡುತ್ತೇನೆ ಎಂದು ಹೇಳಿ, ಆಳುದಿನಕ್ಕೆ 600ರಂತೆ ದರ ಹಾಕುವವನು ಎಲ್ಲೋ ಸುಳ್ಳು ಹೇಳುತ್ತಿದ್ದಾನೆ. ಭವಿಷ್ಯನಿಧಿ ಮತ್ತು ಬೋನಸ್ ಬಾಧ್ಯತೆ ಬರುವುದು 20 ಆಳುಗಳಿಗೆ, ಇ.ಎಸ್‌.ಐ. 10 ಆಳುಗಳಿಗೆ. ಅದಕ್ಕಿಂತ ಸಣ್ಣ ಗ್ಯಾಂಗು ನಿಮ್ಮದಾಗಿದ್ದರೆ ಆ ಸಾಲುಗಳನ್ನು ತೆಗೆಯಬಹುದು, ಆದರೆ ಒಂದು ಗ್ಯಾಂಗನ್ನು ಮೂರು ಹೆಸರಿಗೆ ಒಡೆದು ಕಡಿಮೆ ತೋರಿಸುವ ಚಾಳಿ ಬೇಡ.

ಕೆಲಸ ಗಣಿ ಅಥವಾ ರೈಲ್ವೆ ಆವರಣದೊಳಗಿದ್ದರೆ ಅನ್ವಯಿಸುವುದು ಕೇಂದ್ರ ಸರ್ಕಾರದ ಕನಿಷ್ಠ ವೇತನ. ಅದರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಏರುತ್ತದೆ. ಸಂಡೂರು ಕಡೆ ಗಣಿ ಪ್ರದೇಶದಲ್ಲಿ ಗಿಡ ನೆಡುವ ಕೆಲಸ ಹಿಡಿದವರು ರಾಜ್ಯದ ದರ ನೋಡಿ ಕೈಸುಟ್ಟುಕೊಳ್ಳುವುದು ಇಲ್ಲೇ.

ಗುಂಡಿ ಲೆಕ್ಕದ ಗುತ್ತಿಗೆ ಇನ್ನೂ ಮೋಸದ್ದು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಇಷ್ಟು ಎಂದು ಮೇಸ್ತ್ರಿ ದರ ಹೇಳುತ್ತಾನೆ, ನೀವು ಒಪ್ಪುತ್ತೀರಿ. ಮಸಾರಿ ಮಣ್ಣಿನಲ್ಲಿ ಆಗುವ ಕೆಲಸ ಗಟ್ಟಿ ಗರಸಿನಲ್ಲಿ ಅರ್ಧವೂ ಆಗುವುದಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಹಾರೆಗೂ ಬಗ್ಗದು. ತುಂಡುಗೂಲಿಯಾದರೂ ಎಂಟು ತಾಸಿಗೆ ಕನಿಷ್ಠ ವೇತನ ಬೀಳಲೇಬೇಕು ಎಂಬುದು ಕಾನೂನು. ಹಾಗಾಗಿ ಆಯಾ ಸೈಟಿನಲ್ಲೇ ಪರೀಕ್ಷೆ ಮಾಡಿ: ಸಾಧಾರಣ ಶಕ್ತಿಯ ಇಬ್ಬರನ್ನು ನಡುವೆ ವಿರಾಮ ಕೊಟ್ಟು ಒಂದು ದಿನ ತೋಡಿಸಿ, ಸರಾಸರಿ ತೆಗೆಯಿರಿ. ಎಂಟು ಗುಂಡಿ ಆಗುತ್ತದೆ ಎಂದಾದರೆ ಗುಂಡಿಗೆ 69 ರೂಪಾಯಿಗಿಂತ ಕಡಿಮೆ ಕೊಡುವಂತಿಲ್ಲ. ಮೇಸ್ತ್ರಿ 35ಕ್ಕೆ ಒಪ್ಪಿಕೊಂಡ ಎಂದರೆ ಖುಷಿ ಪಡಬೇಡಿ. ಆ ದರದಲ್ಲಿ ಗಂಡ ಹೊತ್ತು ಮೂಡುವ ಮುಂಚೆ ಹಾರೆ ಹಿಡಿಯುತ್ತಾನೆ, ಹೆಂಡತಿ ಮಣ್ಣು ಎತ್ತುತ್ತಾಳೆ, ಶಾಲೆ ಬಿಟ್ಟ ಮಗ ಸಸಿ ಹೊರುತ್ತಾನೆ, ಹಾಜರಿಯಲ್ಲಿ ಒಂದೇ ಹೆಸರು ಇರುತ್ತದೆ.

ಮುಂಗಡದ ಪುಸ್ತಕ

ಮುಂಗಡ ಕೊಡುವುದು ಅಪರಾಧವಲ್ಲ. ಯುಗಾದಿ, ಮೊಹರಂ, ಮದುವೆ, ಜೂನ್‌ನಲ್ಲಿ ಮಕ್ಕಳ ಶಾಲೆ, ಮುಂಗಾರಿನ ಬಿತ್ತನೆ ಬಂದಾಗ ಆಳು ಕೇಳಿಯೇ ಕೇಳುತ್ತಾನೆ. ನೀವು ಕೊಡದಿದ್ದರೆ ಮೇಸ್ತ್ರಿ ಕೊಡುತ್ತಾನೆ, ಅಲ್ಲಿಂದ ತೊಂದರೆ ಶುರು. ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವವರನ್ನು ಕಟ್ಟಿಹಾಕುವುದೂ ಇದೇ ಮುಂಗಡ. ಊರ ಹತ್ತಿರವೇ ಕೆಲಸ ಸಿಕ್ಕಿತೆಂದು ನಮ್ಮಲ್ಲಿಗೆ ಬಂದವರ ಗತಿಯೂ ಕೆಲವೊಮ್ಮೆ ಅದೇ.

ಒಂದು ಜೋಡಿ, ಅಂದರೆ ಗಂಡ ಹೆಂಡತಿ, ಮೇಸ್ತ್ರಿಯಿಂದ 60,000 ಪಡೆದು ಬಂದಿದ್ದಾರೆ ಎನ್ನಿ. ಕೆಟ್ಟ ಪುಸ್ತಕದಲ್ಲಿ ಲೆಕ್ಕ ಹೀಗೆ ಓಡುತ್ತದೆ. ಇಬ್ಬರದ್ದೂ ಸೇರಿ ದಿನಕ್ಕೆ 600. ಹೆಂಡತಿಯದ್ದು ಬೇರೆ ಬರೆಯುವುದೇ ಇಲ್ಲ. ತಿಂಗಳಲ್ಲಿ 26 ದಿನಕ್ಕೆ ಮೂರು ದಿನ ನಾಗಾ (ಗೈರು), ಹಾಗಾಗಿ 23 ದಿನಕ್ಕೆ 13,800. ವಾರದ ಖರ್ಚಿ ಎಂದು ಕೈಗೆ ಕೊಟ್ಟದ್ದು 6,500. ಮೇಸ್ತ್ರಿಯ ತಮ್ಮನ ಕಿರಾಣಿ ಅಂಗಡಿಯ ಉದ್ರಿ 4,500. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಬಡ್ಡಿ 1,800. ನಾಗಾ ಮಾಡಿದ್ದಕ್ಕೆ ದಿನಕ್ಕೆ 600ರಂತೆ ದಂಡ 1,800. ಕೂಡಿಸಿ ಕಳೆದರೆ 800 ರೂಪಾಯಿ ಕಡಿಮೆ ಬೀಳುತ್ತದೆ. ತಿಂಗಳು ಪೂರ್ತಿ ದುಡಿದ ಮೇಲೆ 60,000 ಇದ್ದ ಸಾಲ 60,800 ಆಯಿತು.

ಅದೇ ಜೋಡಿಗೆ ತಲಾ 550 ಕೊಟ್ಟಿದ್ದರೆ 23 ದಿನಕ್ಕೆ 25,300. ಖರ್ಚಿ, ಕಿರಾಣಿ ಕಳೆದು 14,300 ಉಳಿಯುತ್ತಿತ್ತು, ಐದನೆಯ ತಿಂಗಳಲ್ಲಿ ಲೆಕ್ಕ ಚುಕ್ತಾ. ಜೀತ ಹುಟ್ಟುವುದು ಮುಂಗಡದ ದೊಡ್ಡ ಮೊತ್ತದಿಂದಲ್ಲ, ಕಳೆಯುವ ಸಾಲುಗಳಿಂದ. ಹೆಂಡತಿಯ ಕೂಲಿ, ಉದ್ರಿ, ಬಡ್ಡಿ, ನಾಗಾ ದಂಡ: ಪುಸ್ತಕ ತೆರೆದಾಗ ಮೊದಲು ಈ ನಾಲ್ಕನ್ನೇ ನೋಡಿ.

ನಿಮ್ಮ ಸೈಟಿನಲ್ಲಿ ಮುಂಗಡದ ನಿಯಮ ಹೀಗಿರಲಿ. ಮುಂಗಡವನ್ನು ನೀವೇ ಕೊಡಿ, ಆಳಿನ ಸ್ವಂತ ಬ್ಯಾಂಕ್ ಖಾತೆಗೆ ಹಾಕಿ. ಮೇಸ್ತ್ರಿಯ ಕೈಗೆ ಹತ್ತು ಜನರ ಮುಂಗಡವನ್ನು ಗಂಟಾಗಿ ಕೊಡಬೇಡಿ. ಮೊತ್ತ ಅರ್ಧ ತಿಂಗಳ ಕೂಲಿ ದಾಟದಿರಲಿ. ಬಡ್ಡಿ ಬೇಡ. ವಸೂಲಿ ಪ್ರತಿ ಬಟವಡೆಯಲ್ಲಿ ಕೂಲಿಯ ಸುಮಾರು ಹತ್ತರಲ್ಲೊಂದು ಪಾಲಿನಷ್ಟು: 7,000 ಕೊಟ್ಟರೆ ತಿಂಗಳಿಗೆ 1,400ರಂತೆ ಐದು ತಿಂಗಳು. ಎಲ್ಲ ಬಗೆಯ ಕಡಿತ ಸೇರಿದರೂ ಕೂಲಿಯ ಅರ್ಧ ಮೀರುವಂತಿಲ್ಲ ಎಂಬುದು ವೇತನ ಸಂಹಿತೆಯ ಮಿತಿ. ಅಷ್ಟು ದೂರ ಹೋಗುವ ಅಗತ್ಯವೇ ಬರಬಾರದು. ಗಂಡನ ಮುಂಗಡವನ್ನು ಹೆಂಡತಿಯ ಕೂಲಿಯಿಂದ, ಅಪ್ಪನದನ್ನು ಮಗನಿಂದ ಮುರಿಯುವಂತಿಲ್ಲ. ಚೀಟಿಯಲ್ಲಿ ಒಂದು ಸಾಲು ಕಡ್ಡಾಯವಾಗಿ ಬರೆಯಿರಿ: “ಮುಂಗಡ ಬಾಕಿ ಇದ್ದರೂ ಯಾವಾಗ ಬೇಕಾದರೂ ಕೆಲಸ ಬಿಟ್ಟು ಹೋಗಬಹುದು.” ಬಾಕಿ ಉಳಿಸಿ ಹೋದವನಿಂದ ನಾಲ್ಕೈದು ಸಾವಿರ ಮುಳುಗಿದರೆ ಮುಳುಗಲಿ, ಮಿತಿ ಸಣ್ಣದಿಟ್ಟಿರುವುದು ಅದಕ್ಕೇ. ಅವನ ಬೈಕು ಹಿಡಿದಿಡುವುದು, ಅಣ್ಣನನ್ನು ಕರೆಸಿ ಕೂರಿಸುವುದು ಮಾಡಿದರೆ ವಿಷಯ ಹಣದ್ದಾಗಿ ಉಳಿಯುವುದಿಲ್ಲ.

ಮೇಸ್ತ್ರಿಯನ್ನು ಶತ್ರು ಮಾಡಿಕೊಳ್ಳಬೇಕಿಲ್ಲ. ಆಳು ಕರೆತರುವ, ಕೆಲಸ ಹಂಚುವ ಶ್ರಮ ಅವನದ್ದು. ಅದಕ್ಕೆ ಸಂಬಳವನ್ನೋ ಕಮಿಷನನ್ನೋ ನೀವು ನಿಮ್ಮ ಜೇಬಿನಿಂದ, ಬೇರೆ ಬಿಲ್ಲಿನಲ್ಲಿ ಕೊಡಿ. ಆಳಿನ ಕೂಲಿಯಿಂದ ದಿನಕ್ಕೆ ಐವತ್ತು ಮುರಿದುಕೊಳ್ಳುವ ಪದ್ಧತಿ ಇರುವವರೆಗೂ ಆಳು ಹೋಗದಂತೆ ಹಿಡಿದಿಡುವುದೇ ಅವನಿಗೆ ಲಾಭ.

ಕೆಲಸಕ್ಕೆ ಸೇರಿಸಿಕೊಳ್ಳುವ ದಿನ

ಗಾಡಿಯಿಂದ ಇಳಿದವರನ್ನು ನೇರ ಗುಂಡಿ ತೋಡಲು ಕಳಿಸಬೇಡಿ. ಅರ್ಧ ದಿನ ಇದಕ್ಕೇ ಇಡಿ, ಆ ಅರ್ಧ ದಿನದ ಕೂಲಿಯೂ ಕೊಡಿ. ಆಧಾರ್ ನೋಡಿ, ನಕಲು ತೆಗೆದು, ಅಲ್ಲೇ ಕೈಗೆ ವಾಪಸು ಕೊಡಿ. ಮೂಲ ಆಧಾರ್, ಪಾಸ್‌ಬುಕ್, ಎ.ಟಿ.ಎಂ. ಕಾರ್ಡು, ಪಡಿತರ ಚೀಟಿ ಯಾವುದೂ ನಿಮ್ಮ ಬೀರುವಿನಲ್ಲಾಗಲಿ ಮೇಸ್ತ್ರಿಯ ಚೀಲದಲ್ಲಾಗಲಿ ಇರಬಾರದು. “ಕಳೆದುಕೊಳ್ಳುತ್ತಾರೆ, ಅದಕ್ಕೇ ಜೋಪಾನವಾಗಿ ಇಟ್ಟಿದ್ದೇನೆ” ಎಂಬ ಮಾತು ಬಂದರೆ ಆಳಿಗೆ ಬೀಗವಿರುವ ಟ್ರಂಕು ಕೊಡಿಸಿ, ಕೀಲಿ ಅವರ ಬಳಿಯೇ ಇರಲಿ.

ವಯಸ್ಸಿನ ವಿಷಯದಲ್ಲಿ ಆಧಾರ್ ಒಂದನ್ನೇ ನಂಬಬೇಡಿ. ಜನವರಿ 1 ಎಂದಿದ್ದರೆ ಬಹಳ ಸಲ ಅದು ಅಂದಾಜಿನ ತಾರೀಖು. ಶಾಲೆಯ ವರ್ಗಾವಣೆ ಪತ್ರ ತರಿಸಿ. ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಸೇರಿಸುವಂತಿಲ್ಲ. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಔಷಧಿ ಸಿಂಪಡಣೆ, ಬ್ರಷ್ ಕಟ್ಟರ್, ಟ್ರ್ಯಾಕ್ಟರ್, ಕಲ್ಲು ಕೊಯ್ಯುವ ಯಂತ್ರ ತುಂಬಿರುವ ಈ ಧಂದೆಗೆ ಹದಿನೆಂಟು ದಾಟಿದವರೇ ಸಾಕು ಎಂದು ನಿಯಮ ಮಾಡಿಕೊಳ್ಳುವುದು ಲೇಸು.

ನೇಮಕಾತಿ ಪತ್ರ ಈಗ ಕಡ್ಡಾಯ. ಒಂದೇ ಹಾಳೆ, ಕನ್ನಡದಲ್ಲಿ: ಹೆಸರು, ಕೆಲಸ, ದಿನಗೂಲಿ, ತಾಸು, ವಾರದ ರಜೆ, ಬಟವಡೆ ದಿನ, ಕಡಿತವಿದ್ದರೆ ಎಷ್ಟು, ಏಕೆ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ತಾಂಡಾದಿಂದ ಬಂದವರಿಗೆ ಲಂಬಾಣಿಯಲ್ಲಿ, ಆಂಧ್ರದ ಕಡೆಯವರಿಗೆ ತೆಲುಗಿನಲ್ಲಿ, ಒಡಿಶಾ, ಬಿಹಾರದವರಿಗೆ ಹಿಂದಿಯಲ್ಲಿ ಹೇಳಬಲ್ಲ ಒಬ್ಬ ಆಳು ಗ್ಯಾಂಗಿನಲ್ಲೇ ಸಿಗುತ್ತಾನೆ. ಆದರೆ ಅವನು ಮೇಸ್ತ್ರಿಯ ಸಂಬಂಧಿ ಆಗಿರಬಾರದು. ಹೊರರಾಜ್ಯದ ಹತ್ತು ಅಥವಾ ಹೆಚ್ಚು ಜನರಿದ್ದರೆ ಅಂತರರಾಜ್ಯ ವಲಸೆ ಕಾರ್ಮಿಕರ ನಿಯಮಗಳು ಅನ್ವಯಿಸುತ್ತವೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯೂ ಅದರಲ್ಲಿ ಸೇರಿದೆ. ಗುತ್ತಿಗೆ ಪರವಾನಗಿ ಬೇಕೇ ಎಂಬುದನ್ನು ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಬಟವಡೆ

ಬ್ಯಾಂಕಿಗೆ ಹಾಕಿದ ಮಾತ್ರಕ್ಕೆ ಆಳಿಗೆ ತಲುಪಿತು ಎಂದುಕೊಳ್ಳಬೇಡಿ. ತಿಂಗಳಿಗೊಮ್ಮೆ ಖಾತೆಗಳ ಪಟ್ಟಿಯನ್ನು ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಎರಡರ ಮೇಲೂ ವಿಂಗಡಿಸಿ ನೋಡಿ. ಒಂದೇ ಖಾತೆಗೆ ಇಬ್ಬರ ಕೂಲಿ, ಒಂದೇ ಮೊಬೈಲ್‌ಗೆ ಐದು ಖಾತೆ, ಎಲ್ಲ ಖಾತೆಗಳೂ ಒಂದೇ ದಿನ ಒಂದೇ ಶಾಖೆಯಲ್ಲಿ ತೆರೆದವು: ಇವು ಕಂಡರೆ ಕಾರ್ಡುಗಳು ಯಾರ ಕೈಯಲ್ಲಿವೆ ಎಂದು ಹುಡುಕಿ. ಬಟವಡೆಯ ಮರುದಿನ ಇಬ್ಬರನ್ನು ಕರೆದು “ನಿಮ್ಮ ಕಾರ್ಡು ತೋರಿಸಿ” ಎಂದರೆ ಸಾಕು, ಐದು ನಿಮಿಷದ ಕೆಲಸ.

ಹೆಂಡತಿಗೆ ಬೇರೆ ಖಾತೆ, ಬೇರೆ ಹಾಜರಿ, ಬೇರೆ ಚೀಟಿ. ಕಳೆ ಕೀಳುವುದು ಹೆಂಗಸರ ಕೆಲಸ, ಅದಕ್ಕೆ ಕಡಿಮೆ ಎಂಬ ರೂಢಿ ನಮ್ಮ ಕಡೆ ಗಟ್ಟಿಯಾಗಿದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂದು ಕೂಲಿಯಲ್ಲಿ ಭೇದ ಮಾಡುವಂತಿಲ್ಲ, ಕನಿಷ್ಠ ವೇತನವಂತೂ ಇಬ್ಬರಿಗೂ ಒಂದೇ. ದಿನಗೂಲಿಯಾದರೆ ಅದೇ ಸಂಜೆ, ವಾರದ ಲೆಕ್ಕವಾದರೆ ವಾರದ ರಜೆಗೆ ಮುಂಚೆ, ತಿಂಗಳ ಪಗಾರವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಲೆಕ್ಕ. “ಬಿಲ್ಲು ಪಾಸಾದ ಮೇಲೆ ಕೊಡುತ್ತೇನೆ” ಎಂದು ಎರಡು ತಿಂಗಳ ಕೂಲಿ ಹಿಡಿದಿಡುವುದು ಈ ಧಂದೆಯ ದೊಡ್ಡ ರೋಗ. ಪಾಲಿಕೆ, ಕಾರ್ಖಾನೆಗಳ ಬಿಲ್ಲು ತಡವಾಗುವುದು ಗೊತ್ತಿರುವ ಸಂಗತಿ. ಎರಡು ತಿಂಗಳ ಕೂಲಿಯಷ್ಟು ಹಣ ಬದಿಗಿಡದೆ ಕೆಲಸ ಹಿಡಿಯಬೇಡಿ. ಹಿಡಿದಿಟ್ಟ ಕೂಲಿಯೂ ಆಳನ್ನು ಮುಂಗಡದಷ್ಟೇ ಗಟ್ಟಿಯಾಗಿ ಕಟ್ಟಿಹಾಕುತ್ತದೆ: ಬಿಟ್ಟು ಹೋದರೆ ಅದೂ ಹೋಯಿತಲ್ಲ.

ಸಲಿಕೆ ಮುರಿದದ್ದಕ್ಕೆ, ಸಸಿ ಒಣಗಿದ್ದಕ್ಕೆ, ಬೂಟು–ಕೈಗವಸಿಗೆ ಕೂಲಿ ಮುರಿಯಬೇಡಿ. ಮೇ ತಿಂಗಳಲ್ಲಿ ಟ್ಯಾಂಕರ್ ಬಾರದೆ ಒಣಗಿದ ಸಸಿಯ ಬೆಲೆಯನ್ನು ಮಾಲಿಯ ತಲೆಗೆ ಕಟ್ಟುವುದನ್ನು ನ್ಯಾಯ ಎಂದು ಯಾರು ಹೇಳುತ್ತಾರೆ?

ತಾಸು, ಬಿಸಿಲು, ಶೆಡ್ಡು

ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ರಿಯಾಯಿತಿ ಬಯಲಲ್ಲಿ ನಿಲ್ಲುವವರಿಗೂ ಬೇಕು. ಬೆಳಗ್ಗೆ 6ರಿಂದ 11, ಸಂಜೆ 4ರಿಂದ 6.30 ಎಂದು ಹಂಚಿಕೊಳ್ಳಿ, ಆದರೆ ಕೂಲಿ ಪೂರ್ತಿ. ನೀರು ಹಾಯಿಸುವ ಆಳು ರಾತ್ರಿ ಮೋಟಾರು ಕಾಯುತ್ತಾನಾದರೆ ಅದೂ ಕೆಲಸದ ತಾಸೇ. ಎಂಟು ತಾಸು ಮೀರಿದ್ದಕ್ಕೆ ಎರಡು ಪಟ್ಟು ಕೂಲಿ. ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಎದ್ದು ಹೋಗುವುದನ್ನು ಯಾರೂ ಹಾಜರಿಯಲ್ಲಿ ಬರೆಯುವುದಿಲ್ಲ.

ಶೆಡ್ಡಿಗೆ ಹೊರಗಿನಿಂದ ಬೀಗ ಹಾಕುವ ಚಿಲಕವೇ ಇರಬಾರದು. ಕೀಟನಾಶಕ, ಡೀಸೆಲ್ ಇಡುವ ಕೋಣೆಯಲ್ಲಿ ಮಲಗಿಸಬೇಡಿ. ಹೆಂಗಸರಿಗೆ ಒಳಗಿನಿಂದ ಚಿಲಕವಿರುವ ಶೌಚಾಲಯ, ಕುಡಿಯಲು ಬೇರೆ ನೀರು. ಗಿಡಕ್ಕೆ ಬಿಡುವ ಎಸ್‌.ಟಿ.ಪಿ. (ಶುದ್ಧೀಕರಿಸಿದ ಚರಂಡಿ) ನೀರಿನ ಪೈಪಿಗೆ ಅದನ್ನು ಸೇರಿಸಬೇಡಿ. ಕಾರ್ಖಾನೆಯ ಆವರಣವಾದರೆ ಗೇಟ್ ಪಾಸ್ ಆಳಿನ ಕೊರಳಲ್ಲಿರಬೇಕು. ಪಾಸು ಮೇಸ್ತ್ರಿಯ ಬಳಿ ಇದ್ದರೆ ಕಾಂಪೌಂಡೇ ಬೀಗವಾಗುತ್ತದೆ.

ನರ್ಸರಿಯಲ್ಲಿ ವಾಸವಿರುವ ಕುಟುಂಬವನ್ನು ಬೇರೆಯಾಗಿಯೇ ಪರಿಶೀಲಿಸಿ. ಸಾಮಾನ್ಯವಾಗಿ ಗಂಡನಿಗೆ ಕಾವಲುಗಾರನೆಂದು ತಿಂಗಳ ಪಗಾರ. ಹೆಂಡತಿ ಬೆಳಗಿನಿಂದ ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುತ್ತಾಳೆ, ಸಸಿ ಎಣಿಸುತ್ತಾಳೆ, ಗಿರಾಕಿ ಬಂದರೆ ಮಾರುತ್ತಾಳೆ. ಅವಳಿಗೆ “ಮನೆ ಕೊಟ್ಟಿದ್ದೇವಲ್ಲ” ಎಂಬ ಉತ್ತರ. ಇಪ್ಪತ್ತನಾಲ್ಕು ತಾಸೂ ಇಬ್ಬರಲ್ಲೊಬ್ಬರು ಅಲ್ಲಿರಲೇಬೇಕು, ಜಾತ್ರೆಗೂ ಜೋಡಿಯಾಗಿ ಹೋಗುವಂತಿಲ್ಲ. ಬೇಡಿ ಹಾಕದೆಯೇ ಓಡಾಟದ ಸ್ವಾತಂತ್ರ್ಯ ಹೋಗಿರುವ ಸ್ಥಿತಿ ಇದು. ಪರಿಹಾರ ಸರಳ: ಇಬ್ಬರಿಗೂ ಹಾಜರಿ, ವಾರಕ್ಕೊಂದು ಪೂರ್ತಿ ರಜೆ, ಆ ದಿನ ಬದಲಿ ಕಾವಲು.

ಸಸಿ, ಕಲ್ಲು, ಇಟ್ಟಿಗೆ ಎಲ್ಲಿಂದ?

ನಿಮ್ಮ ಸೈಟು ಸ್ವಚ್ಛವಿದ್ದರೂ ಲೋಡು ಬರುವ ಕಡೆ ಇರಲಾರದು. ನಮ್ಮ ಕಡೆಗೆ ಅಲಂಕಾರಿಕ ಗಿಡಗಳು ಹೆಚ್ಚಾಗಿ ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಬರುತ್ತವೆ. ನೆಲಹಾಸು, ಅಂಚುಗಲ್ಲು ಕುಷ್ಟಗಿ–ಇಳಕಲ್ ಭಾಗದ ಕ್ವಾರಿಗಳಿಂದ, ಶಹಾಬಾದಿನಿಂದ. ಇಟ್ಟಿಗೆ ಹತ್ತಿರದ ಭಟ್ಟಿಯಿಂದ. ರಾಜಸ್ಥಾನದ ಮರಳುಗಲ್ಲಿನ ಕಾಬಲ್ (ನೆಲಕ್ಕೆ ಹಾಸುವ ಸಣ್ಣ ಕಲ್ಲು) ತರಿಸುವವರು ತಿಳಿದಿರಬೇಕು: ಬೂಂದಿ ಜಿಲ್ಲೆಯ ಬುಧಪುರ ಭಾಗದಲ್ಲಿ ಕಾಬಲ್ ಒಡೆಯುವ ಕೆಲಸದಲ್ಲಿ ಮಕ್ಕಳಿರುವುದು ದಾಖಲಾಗಿರುವ ಸಂಗತಿ, ಆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ಗೆ ಮದ್ದಿಲ್ಲ. ಸರಬರಾಜುದಾರನ ಪ್ರಮಾಣಪತ್ರ ಕೇಳಿದರೆ ನಾಳೆಯೇ ಟೈಪ್ ಮಾಡಿಸಿ ಕಳಿಸುತ್ತಾನೆ. ಅದರ ಬದಲು ವರ್ಷಕ್ಕೊಮ್ಮೆ ಲೋಡಿನ ಜೊತೆ ಹೋಗಿ ನೋಡಿ. ಭಟ್ಟಿಯಲ್ಲಿ ಕೇಳಬೇಕಾದ್ದು ಎರಡೇ: ಸಾವಿರ ಇಟ್ಟಿಗೆಗೆ ಎಷ್ಟು ಕೊಡುತ್ತೀರಿ, ಲೆಕ್ಕ ವಾರಕ್ಕೋ ಸೀಸನ್ನಿನ ಕೊನೆಗೋ? ಸೀಸನ್ ಕೊನೆಗೆ ಎಂದರೆ ಆ ಭಟ್ಟಿಯ ಇಟ್ಟಿಗೆ ಬೇಡ.

ಸೈಟಿನಲ್ಲಿ ಮಾತಾಡಿಸುವ ಕ್ರಮ

ಮೂರು ತಿಂಗಳಿಗೊಮ್ಮೆ, ಹೇಳದೆ ಕೇಳದೆ ಹೋಗಿ. ಮೇಸ್ತ್ರಿಯ ಎದುರು ಕೇಳಿದರೆ ಎಲ್ಲರದ್ದೂ “ಎಲ್ಲಾ ಚಲೋ ಐತ್ರಿ” ಎಂಬ ಉತ್ತರವೇ. ಊಟದ ಹೊತ್ತಿನಲ್ಲಿ ಇಬ್ಬಿಬ್ಬರಂತೆ, ಸ್ವಲ್ಪ ದೂರ ಮರದಡಿ ಕೂತು ಮಾತಾಡಿಸಿ. ಹೆಂಗಸರನ್ನು ಹೆಂಗಸೊಬ್ಬರು ಮಾತಾಡಿಸಲಿ. ರಿಜಿಸ್ಟರು, ಪೆನ್ನು ಹೊರಗೆ ತೆಗೆಯಬೇಡಿ, ಬರೆಯುವುದು ಆಮೇಲೆ. “ನಿಮ್ಮನ್ನು ಜೀತಕ್ಕೆ ಇಟ್ಟಿದ್ದಾರಾ?” ಎಂದು ಕೇಳಬೇಡಿ. ಹಾಗೆ ಕೇಳಿದರೆ ಮರ್ಯಾದೆಗೆ ಅಂಜಿ ಇಲ್ಲ ಎನ್ನುತ್ತಾರೆ. ಕೇಳುವ ಪ್ರಶ್ನೆಗಳು ಹೀಗಿರಲಿ:

– ಊರಾಗ ಯಾರಿಗಾದರೂ ಹುಷಾರಿಲ್ಲ ಅಂದ್ರ ನಾಳೆ ಹೋಗಬೇಕಂದ್ರ ಯಾರನ್ನ ಕೇಳಬೇಕು? ಹೋದ ಸಲ ಕೇಳಿದಾಗ ಏನಂದರು?
– ಬಾಕಿ ಎಷ್ಟೈತಿ? ಬಂದಾಗ ಎಷ್ಟಿತ್ತು? ಪುಸ್ತಕ ಯಾರ ಹತ್ರ ಐತಿ, ನೀವು ನೋಡೀರೇನು?
– ಹೋದ ಶನಿವಾರ ಕೈಗೆ ಎಷ್ಟು ಬಂತು?
– ಕಿರಾಣಿ ಎಲ್ಲಿ ತರ್ತೀರಿ? ಬ್ಯಾರೆ ಅಂಗಡಿಗೆ ಹೋಗಬಹುದೇನು?
– ನಿಮ್ಮ ಜೊತಿ ಬಂದೋರಾಗ ಯಾರಾದರೂ ಬಿಟ್ಟು ಹೋಗ್ಯಾರೇನು? ಅವರ ಮನಿ ಕಡೆ ಯಾರಾದರೂ ಹೋಗಿ ಕೇಳಿದರೇನು?

ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಹೆಚ್ಚು ಸತ್ಯವಿರುತ್ತದೆ. ತಮ್ಮ ಬಗ್ಗೆ ಹೇಳಲು ಹಿಂಜರಿಯುವವರು ಬೇರೆಯವರ ಕತೆ ಬಿಚ್ಚಿ ಹೇಳುತ್ತಾರೆ. ಬಾಕಿ ಎಷ್ಟೆಂದು ಆಳಿಗೇ ಗೊತ್ತಿಲ್ಲದಿದ್ದರೆ, ಅಥವಾ ಬಂದಾಗಿಗಿಂತ ಈಗ ಹೆಚ್ಚಿದ್ದರೆ, ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಪುಸ್ತಕ ನೋಡಿ. ಸೈಟಿನ ಬೋರ್ಡಿನಲ್ಲಿ ದಿನಗೂಲಿ ದರದ ಕೆಳಗೆ ಕಾರ್ಮಿಕ ಸಹಾಯವಾಣಿ 155214, ಮಕ್ಕಳ ಸಹಾಯವಾಣಿ 1098, ಕಾನೂನು ನೆರವಿನ 15100, ಪೊಲೀಸರ 112 ಬರೆಸಿ. ಬೋರ್ಡು ಸೂಪರ್‌ವೈಸರ್ ಕ್ಯಾಬಿನ್ನಿನಲ್ಲಿ ಇರಬಾರದು, ನೀರಿನ ತೊಟ್ಟಿಯ ಹತ್ತಿರ ಇರಲಿ.

ಸಿಕ್ಕಿಬಿದ್ದಾಗ

ಇಲ್ಲಿ ಒಳ್ಳೆಯ ಮನಸ್ಸಿನವರೂ ಎಡವುತ್ತಾರೆ. ಮೇಸ್ತ್ರಿಯನ್ನು ಎಲ್ಲರೆದುರು ಬೈದು, ಆಳುಗಳಿಗೆ ಬಸ್ ಚಾರ್ಜು ಕೊಟ್ಟು ರಾತ್ರೋರಾತ್ರಿ ಊರಿಗೆ ಕಳಿಸಿಬಿಡುತ್ತಾರೆ. ಸಾಲ ಮೇಸ್ತ್ರಿಯ ಪುಸ್ತಕದಲ್ಲೇ ಉಳಿಯುತ್ತದೆ, ಅವನು ಊರಿಗೆ ಹೋಗಿ ವಸೂಲಿಗೆ ಕೂರುತ್ತಾನೆ, ಸರ್ಕಾರದ ಪರಿಹಾರವೂ ಕೈತಪ್ಪುತ್ತದೆ. ಸರಿಯಾದ ಕ್ರಮ ಇದು.

1. ಮೊದಲು ಆಳುಗಳ ಸುರಕ್ಷತೆ. ಬೆದರಿಕೆ, ಹೊಡೆತ, ಕೂಡಿಹಾಕುವುದು ಇದ್ದರೆ ತಡಮಾಡದೆ 112. ಮಕ್ಕಳಿದ್ದರೆ 1098, ಮಗುವನ್ನು ಗೇಟಿನ ಹೊರಗೆ ದಬ್ಬಿ ಕೈತೊಳೆದುಕೊಳ್ಳಬೇಡಿ.

2. ಹಾಜರಿ, ಬ್ಯಾಂಕ್ ವಿವರ, ಸಿಕ್ಕರೆ ಮೇಸ್ತ್ರಿಯ ಪುಸ್ತಕದ ಫೋಟೋ ಅದೇ ದಿನ ತೆಗೆದಿಡಿ. ಆಳಿನಿಂದ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳಬೇಡಿ.

3. ಜಿಲ್ಲಾಧಿಕಾರಿ, ಸಹಾಯಕ ಆಯುಕ್ತರು ಅಥವಾ ತಹಶೀಲ್ದಾರರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎರಡು ಕಡೆ ಸಹಾಯಕ ಆಯುಕ್ತರ ಕಚೇರಿ ಇದೆ. ಜೀತ ಕಾಯ್ದೆಯಡಿ ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳಿರುತ್ತವೆ.

4. ವಿಚಾರಣೆಯ ನಂತರ ಸಿಗುವ ಬಿಡುಗಡೆ ಪ್ರಮಾಣಪತ್ರ ಪ್ರತಿಯೊಬ್ಬರ ಹೆಸರಿಗೂ ಬೇರೆಬೇರೆಯಾಗಿ ಬರಬೇಕು. ಹೆಂಡತಿಯ ಹೆಸರನ್ನು ಗಂಡನ ಪತ್ರದಲ್ಲಿ ಸೇರಿಸಿ ಮುಗಿಸುವುದಕ್ಕೆ ಬಿಡಬೇಡಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ, ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ ಇದೆ.

5. ಬಾಕಿ ಕೂಲಿಯನ್ನು ಕನಿಷ್ಠ ವೇತನದ ದರದಲ್ಲಿ, ಮೊದಲ ದಿನದಿಂದ ಲೆಕ್ಕಹಾಕಿ ಕೊಡಿ. ಮೇಸ್ತ್ರಿಗೆ ಆಗಲೇ ಕೊಟ್ಟಿದ್ದೇನೆ ಎಂಬ ವಾದ ನಡೆಯದು. ಗುತ್ತಿಗೆದಾರ ಕೊಡದ ಕೂಲಿಗೆ ಮೂಲ ಮಾಲೀಕನೇ ಹೊಣೆ. ಹಸಿರು ಪಟ್ಟಿಯ ಕೆಲಸ ಕೊಟ್ಟ ಕಾರ್ಖಾನೆಗೂ ಈ ಮಾತು ಅನ್ವಯಿಸುತ್ತದೆ.

ಜೀತದ ಸಾಲ ಕಾನೂನಿನ ಪ್ರಕಾರ ಅಲ್ಲಿಗೇ ರದ್ದು. ಆಮೇಲೂ ಅದನ್ನು ವಸೂಲಿ ಮಾಡುವವರಿಗೆ ಮೂರು ವರ್ಷದವರೆಗೆ ಜೈಲು. ಜೀತಕ್ಕೆ ದೂಡಿದ್ದಕ್ಕೆ, ಜೀತದ ಸಾಲ ಕೊಟ್ಟಿದ್ದಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಕೆಲಸಗಾರರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ದುಡಿಸಿಕೊಂಡವರು ಆ ಜಾತಿ–ಪಂಗಡಗಳಿಗೆ ಸೇರದವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ. ಮೋಸದಿಂದಲೋ ಬಲವಂತದಿಂದಲೋ ಕರೆತಂದದ್ದಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಮಾನವ ಕಳ್ಳಸಾಗಣೆ) ಬರುತ್ತದೆ. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಶಿಕ್ಷೆ ಹತ್ತು ವರ್ಷದಿಂದ ಜೀವಾವಧಿ.

ಮೇಸ್ತ್ರಿಯನ್ನು ತೆಗೆದ ಮೇಲೆ ಅವನ ಹೆಸರು, ಫೋನು, ಖಾತೆ ಸಂಖ್ಯೆಗಳನ್ನು ನಿಮ್ಮ ಎಲ್ಲ ಸೈಟುಗಳ ಸೂಪರ್‌ವೈಸರ್‌ಗಳಿಗೆ ಕೊಡಿ. ಮಳೆಗಾಲದಲ್ಲಿ ಸಸಿ ನೆಡುವ ಕೆಲಸ ಶುರುವಾದಾಗ ಆಳಿನ ಬರ ಬೀಳುತ್ತದೆ. ಆ ಹೊತ್ತಿಗೆ ಅದೇ ಗ್ಯಾಂಗು ಭಾವಮೈದುನನ ಹೆಸರಿನಲ್ಲಿ ಬಂದು ನಿಲ್ಲುತ್ತದೆ. ಹೊಸ ಮೇಸ್ತ್ರಿ ಕೊಟ್ಟ ಖಾತೆ ಸಂಖ್ಯೆಯನ್ನು ಹಳೆಯದರ ಜೊತೆ ತಾಳೆ ನೋಡದೆ ಕೆಲಸದ ಆದೇಶಕ್ಕೆ ಸಹಿ ಹಾಕಬೇಡಿ.